ಮಧ್ಯಯುಗದ ಫ್ರೆಂಚ್ ಸಾಹಿತ್ಯದಲ್ಲಿ ಲಿಂಗ, ಅಸ್ಮಿತೆಗಳ ಬಗ್ಗೆ ಸಂಶೋಧಿಸಲು ಏನಿದೆ?

ಇಂದಿನ ಚರ್ಚೆಯನ್ನು ಹಳೆಯ ಕಾವ್ಯಗಳ ಮೇಲೆ ಹೇರಿದಂತಾಗುವುದಿಲ್ಲವೇ ಎಂದೂ ಕೇಳಿದ್ದೀರಿ. ಹೇರಬೇಕಾಗಿಯೇ ಇಲ್ಲ, ಪ್ರಶ್ನೆ ಆ ಕಾವ್ಯಗಳೊಳಗೇ ಕುಳಿತಿದೆ.

13ನೇ ಶತಮಾನದ ‘ಸಿಲಾನ್ಸ್’ ಕಥನಕಾವ್ಯವನ್ನೇ ನೋಡಿ. ಹೆಣ್ಣುಮಕ್ಕಳಿಗೆ ಆಸ್ತಿಯ ಹಕ್ಕಿಲ್ಲವೆಂದು ಇಂಗ್ಲೆಂಡಿನ ರಾಜ ಆಜ್ಞೆ ಹೊರಡಿಸುತ್ತಾನೆ. ಆಗ ಕುಲೀನ ದಂಪತಿಯೊಂದು ಮಗಳನ್ನು ಮಗನೆಂದು ಸಾರಿ ಬೆಳೆಸುತ್ತದೆ. ಮಗುವಿನ ಹೆಸರು ಸಿಲಾನ್ಸ್, ಲ್ಯಾಟಿನ್ನಿನಲ್ಲಿ ‘ಸಿಲೆಂಟಿಯುಸ್’; ಕೊನೆಯ ‘ಉಸ್’ ಪುಲ್ಲಿಂಗದ ಪ್ರತ್ಯಯ. ಗುಟ್ಟು ಬಯಲಾದರೆ ‘ಉಸ್’ ಕಿತ್ತು, ಸ್ತ್ರೀಲಿಂಗದ ‘ಆ’ ಹಚ್ಚಿ ‘ಸಿಲೆಂಟಿಯಾ’ ಎಂದರಾಯಿತು! ಹಳೆಯ ಫ್ರೆಂಚಿನಲ್ಲಿ ‘ಉಸ್’ ಎಂದರೆ ರೂಢಿ. ಗಂಡುತನ ಹುಟ್ಟಿನಿಂದಲೋ ರೂಢಿಯಿಂದಲೋ ಎಂಬ ಇಡೀ ವಾದವನ್ನೇ ಕವಿ ಒಂದು ಪ್ರತ್ಯಯದೊಳಗೆ ಅಡಗಿಸಿದ್ದಾನೆ. ಪ್ರಕೃತಿ ಮತ್ತು ಪೋಷಣೆ ಪಾತ್ರಗಳಾಗಿಯೇ ಬಂದು ಈ ಜೀವ ತಮ್ಮದೆಂದು ಜಗಳವಾಡುತ್ತವೆ. ಸಿಲಾನ್ಸ್ ಹೆಸರಾಂತ ಯೋಧಳಾಗುತ್ತಾಳೆ (ಯೋಧನಾಗುತ್ತಾನೆ ಎನ್ನಬೇಕೋ? ಕನ್ನಡದ ಕ್ರಿಯಾಪದವೂ ಇಲ್ಲಿ ತಡವರಿಸುತ್ತದೆ). ಕೊನೆಗೆ ಅದೇ ರಾಜನೊಂದಿಗೆ ಮದುವೆ. ನನಗಂತೂ ಈ ಮುಕ್ತಾಯ ಸಮಾಧಾನ ಕೊಟ್ಟಿಲ್ಲ.

ಇದರ ಏಕೈಕ ಹಸ್ತಪ್ರತಿ 1911ರಲ್ಲಿ ನಾಟಿಂಗ್‌ಹ್ಯಾಮಿನ ವೊಲಟನ್ ಹಾಲ್‌ನಲ್ಲಿ, ‘ಬೆಲೆಯಿಲ್ಲದ ಹಳೆಯ ಕಾಗದಗಳು’ ಎಂದು ಬರೆದಿದ್ದ ಪೆಟ್ಟಿಗೆಯಲ್ಲಿ ಸಿಕ್ಕಿತು. ಈ ಕ್ಷೇತ್ರದಲ್ಲಿ ಅಧ್ಯಾಪನ, ಸಂಶೋಧನೆ ಮಾಡಬಯಸುವವರು ಸಿದ್ಧಾಂತಗಳ ಜೊತೆಗೆ ಹಳೆಯ ಫ್ರೆಂಚ್, ಲ್ಯಾಟಿನ್, ಹಸ್ತಪ್ರತಿಗಳ ಲಿಪಿ ಇವನ್ನೂ ಕಲಿಯಬೇಕಾಗುತ್ತದೆ. ಆ ‘ಉಸ್’ನ ಚಮತ್ಕಾರ ಅನುವಾದದಲ್ಲಿ ಸುಲಭವಾಗಿ ಜಾರಿಹೋಗುತ್ತದೆ.