ತಿನಿಸು ಕೊಟ್ಟರೆ ಸಾಲದೇ, ನಾಯಿಗೆ ಕಲಿಸಲು ಕ್ಲಿಕ್ಕರ್ ಏಕೆ ಬೇಕು?

ನಾಯಿ ಕುಳಿತದ್ದನ್ನು ಕಂಡು ನೀವು ಜೇಬಿಗೆ ಕೈ ಹಾಕಿ ತಿನಿಸು ತೆಗೆಯುವಷ್ಟರಲ್ಲಿ ಅದು ಎದ್ದು ನಿಮ್ಮ ಕೈ ಮೂಸಲು ಬಂದಿರುತ್ತದೆ. ಎದ್ದು ಬಂದದ್ದಕ್ಕೇ ಬಹುಮಾನ ಸಿಕ್ಕಿತೆಂದು ಅದು ತಿಳಿಯುತ್ತದೆ. ಕ್ಲಿಕ್ಕರ್ ಎಂದರೆ ಒತ್ತಿದರೆ ‘ಟಿಕ್’ ಎನ್ನುವ, ಕೈಯಲ್ಲಿ ಹಿಡಿಯುವ ಪುಟ್ಟ ಸಾಧನ. ನಾಯಿಯ ಹಿಂಭಾಗ ನೆಲಕ್ಕೆ ತಾಗಿದ ಕ್ಷಣವನ್ನೇ ಅದರ ಚಿಕ್ಕ, ಯಾವಾಗಲೂ ಒಂದೇ ತೆರನಾದ ಸದ್ದಿನಿಂದ ಗುರುತಿಸಿದರೆ, ತಿನಿಸು ಒಂದೆರಡು ಸೆಕೆಂಡು ತಡವಾದರೂ ಗೊಂದಲವಾಗುವುದಿಲ್ಲ. ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ 1951ರಲ್ಲೇ ಪ್ರಾಣಿಗಳಿಗೆ ಕಲಿಸುವ ಬಗ್ಗೆ ಬರೆದ ಲೇಖನದಲ್ಲಿ ಇಂಥ ಸದ್ದಿನ ಆಟಿಕೆಯ ಬಳಕೆಯನ್ನು ವಿವರಿಸಿದ್ದರು.

ಆದರೆ ಸದ್ದಿಗೆ ತನ್ನಷ್ಟಕ್ಕೆ ಬೆಲೆಯಿಲ್ಲ. ಮೊದಲು ಏನನ್ನೂ ಕೇಳದೆ ಹತ್ತಾರು ಬಾರಿ ಕ್ಲಿಕ್ ಮಾಡಿ, ಪ್ರತಿ ಬಾರಿಯೂ ಒಡನೆಯೇ ಬಟಾಣಿ ಕಾಳಿನಷ್ಟು ಮೆತ್ತನೆಯ ತಿನಿಸು ಕೊಡಿ. ಸದ್ದು ಕೇಳುತ್ತಲೇ ನಾಯಿ ಕಿವಿ ನಿಮಿರಿಸಿ ನಿಮ್ಮತ್ತ ತಿರುಗತೊಡಗಿದರೆ ಅದಕ್ಕೆ ಅರ್ಥವಾಗಿದೆ ಎಂದು ತಿಳಿಯಿರಿ. ಹೆಚ್ಚಿನವರು ಎಡವುವುದು ಇದರ ನಂತರ: ನಾಯಿಯನ್ನು ಕರೆಯಲು ಕ್ಲಿಕ್ಕರ್ ಒತ್ತುತ್ತಾರೆ, ಅಥವಾ ಒತ್ತಿಯೂ ತಿನಿಸು ಕೊಡುವುದಿಲ್ಲ. ಕೈತಪ್ಪಿ ಒತ್ತಿದರೂ ತಿನಿಸು ಕೊಡಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಲ್ಲವಾದರೆ ಆ ಸದ್ದಿನ ಮೇಲೆ ನಾಯಿಗಿರುವ ನಂಬಿಕೆ ಸಡಿಲವಾಗುತ್ತದೆ.

ಒಂದು ಪಾಠಕ್ಕೆ ಎರಡು ಮೂರು ನಿಮಿಷ ಸಾಕು, ಕೊಟ್ಟ ತಿನಿಸಿನಷ್ಟನ್ನು ಅದರ ದಿನದ ಊಟದಲ್ಲಿ ಕಡಿಮೆ ಮಾಡಿ. ಸದ್ದಿಗೆ ಬೆಚ್ಚುವ ನಾಯಿಯಾದರೆ ಕ್ಲಿಕ್ಕರನ್ನು ಬಟ್ಟೆಯಲ್ಲಿ ಸುತ್ತಿ ಒತ್ತಿ. ಯಾವ ನಾಯಿಯದೇ ಆಗಲಿ, ಕಿವಿಯ ಬಳಿ ಹಿಡಿದು ಒತ್ತಬೇಡಿ. ಹೇಳಿದೊಡನೆ ತಪ್ಪದೆ ಕುಳಿತುಕೊಳ್ಳುವಷ್ಟು ರೂಢಿಯಾದ ಮೇಲೆ ಆ ಪಾಠಕ್ಕೆ ಕ್ಲಿಕ್ಕರ್ ಬೇಕಾಗುವುದಿಲ್ಲ. ಮೆಚ್ಚುಗೆಯ ಮಾತು, ಆಗಾಗ ಒಂದು ತುಣುಕು ತಿನಿಸು ಇದ್ದರೆ ಸಾಕು.