ಸಂಪಾದಕರ ಉತ್ತರ: ಎಣ್ಣೆ ಕಂಪನಿಯ ಕರೆ ಬರುವವರೆಗೆ ಬೇರೆ ಕೆಲಸ ಬೇಡವೇ?

ಲಾಗೋಸ್‌ನಿಂದ ಬಂದ ಪತ್ರ, ಸಂಕ್ಷಿಪ್ತವಾಗಿ:

"ನಾವು ದಾವಣಗೆರೆ ಕಡೆಯವರು. ಯಜಮಾನರ ಕೆಲಸದಿಂದಾಗಿ ನೈಜೀರಿಯಾಕ್ಕೆ ಬಂದು ನೆಲೆಸಿದ್ದೇವೆ. ನನ್ನ ಮಗಳಿಗೆ ಗಣಿತ ಹೇಳಿಕೊಡಲು ಬರುವ ಹುಡುಗ ಪೋರ್ಟ್ ಹಾರ್ಕೋರ್ಟ್‌ನವನು, ಕೆಮಿಕಲ್ ಇಂಜಿನಿಯರಿಂಗ್ ಓದಿದ್ದಾನೆ. ಅವನಿಗೆ ಈಗ 27. ದೊಡ್ಡ ಎಣ್ಣೆ (ಪೆಟ್ರೋಲಿಯಂ) ಕಂಪನಿಯೊಂದರಲ್ಲಿ ಗ್ರಾಜುಯೇಟ್ ಟ್ರೈನಿ ಕೆಲಸಕ್ಕೆ ಅರ್ಜಿ ಹಾಕಿ, ಪರೀಕ್ಷೆ ಬರೆದು, ಇಂಟರ್‌ವ್ಯೂ ಕೂಡ ಮುಗಿಸಿದ. ಆಮೇಲೆ ಒಂದು ವರ್ಷಕ್ಕೂ ಜಾಸ್ತಿ ಆಯ್ತು. ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಈಗ ಸೋಲಾರ್ ಕಂಪನಿಯೊಂದು ಸಣ್ಣ ಸಂಬಳಕ್ಕೆ ಕರೆದಿದೆ. ಈ ತಿಂಗಳ ಕೊನೆಯೊಳಗೆ ಸೇರಬೇಕು. ಅವನ ತಾಯಿ ಬೇಡ ಅಂತಾರೆ, ಎಣ್ಣೆ ಕಂಪನಿ ಕರೆದೇ ಕರೆಯುತ್ತೆ ಅಂತಾರೆ. ಯಾರೋ ಏಜೆಂಟ್ ದುಡ್ಡು ಕೊಟ್ಟರೆ ಮಾಡಿಸಿಕೊಡ್ತೀನಿ ಅಂದಿದ್ದಾನಂತೆ. ಮೊನ್ನೆ ಹುಡುಗ ನನ್ನನ್ನೇ ಕೇಳಿದ, 'ಆಂಟಿ, ನಿಮ್ಮ ದೇಶದ ಇಂಜಿನಿಯರ್‌ಗಳು ಇಲ್ಲಿ ಬಂದು ಕೆಲಸ ಮಾಡ್ತಾರೆ. ನಾವು ಯಾಕೆ ಕಾಯ್ತಾ ಕೂರಬೇಕು?' ನನಗೆ ಉತ್ತರ ತೋಚಲಿಲ್ಲ. ಇಂಥ ವಿಳಂಬ ಈ ದೇಶದಲ್ಲಿ ಮಾತ್ರವೇ? ಅವನಿಗೆ ಏನು ಹೇಳಲಿ?"

ನಮಸ್ಕಾರ.

ಕಂಪನಿ ಯಾವುದು ಅಂತ ನೀವು ಬರೆದಿದ್ದೀರಿ. ಅದನ್ನು ಇಲ್ಲಿ ಹಾಕುವುದಿಲ್ಲ. ಹುಡುಗನ ಅರ್ಜಿ ಇನ್ನೂ ಅಲ್ಲೇ ಇದೆ, ಅಲ್ವಾ?

ಕೊನೆಯ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಸೋಲಾರ್ ಕೆಲಸಕ್ಕೆ ಸೇರಲಿ. ಎಣ್ಣೆ ಕಂಪನಿಯ ಅರ್ಜಿಯನ್ನು ವಾಪಸ್ ತೆಗೆದುಕೊಳ್ಳುವುದು ಬೇಡ, ಅದು ಅದರ ಪಾಡಿಗೆ ಇರಲಿ. ಆದರೆ ಅದನ್ನು ನಂಬಿಕೊಂಡು ಇನ್ನೊಂದು ತಿಂಗಳೂ ಸುಮ್ನೆ ಕೂರಬಾರದು. ಯಾಕೆ ಅನ್ನುವುದಕ್ಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ.

ಆ ಹುಡುಗನ ಮನಸ್ಸಿನಲ್ಲಿ ಏನು ನಡೆಯುತ್ತಿರಬಹುದು ಅಂತ ಊಹಿಸಬಲ್ಲೆ. ಪರೀಕ್ಷೆಯಲ್ಲಿ ಏನೋ ತಪ್ಪು ಬರೆದೆ, ಇಂಟರ್‌ವ್ಯೂನಲ್ಲಿ ಒಂದು ಪ್ರಶ್ನೆಗೆ ತಡವರಿಸಿದೆ, ಅದಕ್ಕೇ ಕರೆಯಲಿಲ್ಲ ಅಂದುಕೊಂಡಿರುತ್ತಾನೆ. ಕಂಪನಿ ಸುಮ್ಮನಿದ್ದರೆ ನಾವು ನಮ್ಮ ಮೇಲೇ ತೀರ್ಪು ಕೊಟ್ಟುಕೊಳ್ಳುತ್ತೇವೆ. ಆದರೆ ಈ ಕೆಲವು ವರ್ಷ ನೈಜೀರಿಯಾದ ಎಣ್ಣೆ ಉದ್ಯಮದಲ್ಲಿ ಏನೇನಾಯಿತು ನೋಡಿ. ಎಕ್ಸಾನ್‌ಮೊಬಿಲ್ ಆಳವಿಲ್ಲದ ಕಡಲಿನಲ್ಲಿದ್ದ ತನ್ನ ಬಾವಿಗಳ ಕಂಪನಿಯನ್ನು ಸೆಪ್ಲಾಟ್ ಅನ್ನುವ ಅಲ್ಲಿನ ಕಂಪನಿಗೆ ಮಾರುತ್ತೇವೆ ಅಂತ ಹೇಳಿದ್ದು 2022ರ ಫೆಬ್ರವರಿಯಲ್ಲಿ. ಮಾರಾಟ ಮುಗಿದದ್ದು 2024ರ ಡಿಸೆಂಬರ್‌ನಲ್ಲಿ! ಇಟಲಿಯ ಎನಿ ಕಂಪನಿ ತನ್ನ ಅಂಗಸಂಸ್ಥೆಯನ್ನು ಅಲ್ಲಿನದೇ ಒಆಂಡೋ ಕಂಪನಿಗೆ ಮಾರಿತು. 1950ರ ದಶಕದಲ್ಲಿ ಒಲೊಯಿಬಿರಿಯಲ್ಲಿ ದೇಶದ ಮೊದಲ ವಾಣಿಜ್ಯ ಎಣ್ಣೆ ಬಾವಿ ತೋಡಿದ ಶೆಲ್ ಕೂಡ ನೆಲದ ಮೇಲಿನ ವ್ಯವಹಾರವನ್ನು ರೆನೆಸಾನ್ಸ್ ಅನ್ನುವ ಕೂಟಕ್ಕೆ ಮಾರಿತು. 2024ರ ಜನವರಿಯಲ್ಲಿ ಘೋಷಣೆ, 2025ರ ಮಾರ್ಚ್‌ನಲ್ಲಿ ಹಸ್ತಾಂತರ. ಮನೆ ಮಾರಾಟಕ್ಕೆ ಇಟ್ಟವರು ಹೊಸ ಕೋಣೆ ಕಟ್ಟಿಸುವುದಿಲ್ಲ. ಕೊಂಡವರು ಕೂಡ ಮೊದಲು ಇರುವ ಜನರನ್ನು ಲೆಕ್ಕ ಹಾಕುತ್ತಾರೆ, ಹೊಸಬರ ಮಾತು ಆಮೇಲೆ.

ಸರ್ಕಾರದ ಕಡೆಯೂ ಇದೇ ಕಥೆ. 2021ರಲ್ಲಿ ಪೆಟ್ರೋಲಿಯಂ ಉದ್ಯಮ ಕಾಯ್ದೆ ಬಂತು. ಹಳೆಯ ನಿಯಂತ್ರಣ ಇಲಾಖೆ ಹೋಗಿ ಎರಡು ಹೊಸ ಸಂಸ್ಥೆಗಳು ಹುಟ್ಟಿದವು. ಎನ್‌ಎನ್‌ಪಿಸಿ ಅನ್ನುವ ಸರ್ಕಾರಿ ನಿಗಮ 2022ರ ಜುಲೈನಲ್ಲಿ ಲಿಮಿಟೆಡ್ ಕಂಪನಿ ಆಯಿತು. 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಟಿನುಬು ಅದರ ಮುಖ್ಯಸ್ಥರನ್ನೂ ಇಡೀ ಮಂಡಳಿಯನ್ನೂ ಬದಲಾಯಿಸಿದರು. ಮೇಲಿನ ಕುರ್ಚಿ ಬದಲಾದಾಗ ಕೆಳಗಿನ ಕಡತಗಳು ಎಷ್ಟು ದಿನ ನಿಲ್ಲುತ್ತವೆ ಅಂತ ಕರ್ನಾಟಕದವರಿಗೆ ನಾನು ಹೇಳಬೇಕಾಗಿಲ್ಲ. ಇದರ ಜೊತೆಗೆ ಅಲ್ಲಿನ ಸಂವಿಧಾನದ ನಿಯಮ ಒಂದಿದೆ: ಸರ್ಕಾರಿ ಸಂಸ್ಥೆಗಳ ಕೆಲಸ 36 ರಾಜ್ಯಗಳಿಗೂ ರಾಜಧಾನಿ ಅಬುಜಾಕ್ಕೂ ನ್ಯಾಯವಾಗಿ ಹಂಚಿಕೆಯಾಗಬೇಕು. ಬಿಯಾಫ್ರಾ ಅಂತರ್ಯುದ್ಧ ಕಂಡ ದೇಶಕ್ಕೆ ಈ ನಿಯಮ ಬೇಕು ಅನ್ನುವವನು ನಾನು. ಆದರೆ ಆಯ್ಕೆ ಪಟ್ಟಿ ಹೊರಗೆ ಬರುವ ಮುಂಚೆ ಈ ಹೊಂದಾಣಿಕೆಗೆ ಸಮಯ ಹಿಡಿಯುತ್ತದೆ. ಅಷ್ಟು ಹೊತ್ತು ಅಭ್ಯರ್ಥಿಗೆ ಯಾರೂ ಏನೂ ಹೇಳುವುದಿಲ್ಲ.

ಯೋಜನೆಗಳ ಕಥೆ ಬೇರೆ. ಬಾನಿ ದ್ವೀಪದ ಅನಿಲ ದ್ರವೀಕರಣ ಘಟಕ ಗೊತ್ತಲ್ಲ, ಅದರ ಏಳನೇ ಟ್ರೇನ್ (ಅನಿಲವನ್ನು ದ್ರವ ಮಾಡುವ ಒಂದು ಸಾಲು) ಕಟ್ಟುವ ಅಂತಿಮ ನಿರ್ಧಾರ ಆದದ್ದು 2019ರ ಡಿಸೆಂಬರ್‌ನಲ್ಲಿ. ವರ್ಷಕ್ಕೆ 22 ದಶಲಕ್ಷ ಟನ್ ಇದ್ದ ಸಾಮರ್ಥ್ಯ 30ಕ್ಕೆ ಏರಬೇಕು. ಐದು ವರ್ಷ ಕಳೆದರೂ ಕಟ್ಟುವ ಕೆಲಸ ಮುಗಿದಿರಲಿಲ್ಲ. ಹೊಸ ಘಟಕ ನಡೆಸಲು ಬೇಕಾದ ಹುಡುಗರು ಘಟಕ ತಯಾರಾಗುವ ಹೊತ್ತಿಗೆ ಬೇಕು, ಮುಂಚೆ ಬಂದರೆ ಸಂಬಳ ದಂಡ. ಹೀಗೆ ಒಂದು ಕಡೆ ತಡವಾದರೆ ಟ್ರೈನಿಗಳ ಬ್ಯಾಚ್ ಪೂರ್ತಿ ಮುಂದಕ್ಕೆ ಹೋಗುತ್ತದೆ.

ಇದನ್ನೆಲ್ಲ ಕಂಪನಿಗಳ ಪರವಾಗಿ ಹೇಳುತ್ತಿಲ್ಲ. ಕಾರಣ ಏನೇ ಇರಲಿ, "ನೇಮಕಾತಿ ಸದ್ಯಕ್ಕೆ ನಿಂತಿದೆ" ಅಂತ ಒಂದು ಸಾಲಿನ ಮೇಲ್ ಕಳಿಸಲು ಖರ್ಚಿಲ್ಲ. ಕಳಿಸದೆ ಇರುವುದು ಅಹಂಕಾರ ಅಂತಲೇ ನನ್ನ ಅಭಿಪ್ರಾಯ. ಹುಡುಗನಿಗೆ ತಿಳಿಯಬೇಕಾದದ್ದು ಇಷ್ಟೇ: ಆ ಮೌನ ಅವನ ಅಂಕಪಟ್ಟಿ ಅಲ್ಲ.

ಇನ್ನು ನೀವು ಕೇಳಿದ್ದು, ಇದು ಅಲ್ಲಿ ಮಾತ್ರವೇ ಅಂತ. ಇಲ್ಲಮ್ಮ. 545 ಪಿಎಸ್‌ಐ ಹುದ್ದೆಗೆ ನಮ್ಮ ಮಕ್ಕಳು 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಬರೆದರು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಆ ಹುಡುಗನಿಗೆ ಇದನ್ನೂ ಹೇಳಿ, ಒಬ್ಬನೇ ಅಲ್ಲ ಅಂತ ಗೊತ್ತಾಗಲಿ.

ಆದರೆ ಅಲ್ಲಿ ಒಂದು ಸಂಕಟ ಜಾಸ್ತಿ ಇದೆ. ವಯಸ್ಸು. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ, ನೀವು ಅದನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ: "ಅವನಿಗೆ ಈಗ 27." ಎಣ್ಣೆ ಕಂಪನಿಗಳ ಟ್ರೈನಿ ಜಾಹೀರಾತಿನಲ್ಲಿ ಹಲವು ಸಲ 28 ವರ್ಷ ದಾಟಿರಬಾರದು ಅನ್ನುವ ಷರತ್ತು ಇರುತ್ತದೆ. ಈಗ ಲೆಕ್ಕ ಹಾಕಿ. ಇಂಜಿನಿಯರಿಂಗ್ ಅಲ್ಲಿ ಐದು ವರ್ಷದ ಓದು. ಸರ್ಕಾರಿ ವಿಶ್ವವಿದ್ಯಾಲಯದ ಅಧ್ಯಾಪಕರು 2020ರ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಮುಷ್ಕರ ಮಾಡಿದರು. ಮತ್ತೆ 2022ರ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ, ಎಂಟು ತಿಂಗಳು. ಅಧ್ಯಾಪಕರ ಬೇಡಿಕೆ ಸರಿಯಾಗಿಯೇ ಇತ್ತು, ಆದರೆ ವಯಸ್ಸು ಹೋದದ್ದು ವಿದ್ಯಾರ್ಥಿಗಳದ್ದು. ಡಿಗ್ರಿ ಆದ ಮೇಲೆ ಒಂದು ವರ್ಷ ಕಡ್ಡಾಯ ರಾಷ್ಟ್ರೀಯ ಸೇವೆ, ಎನ್‌ವೈಎಸ್‌ಸಿ. ಅದಕ್ಕೆ ಕರೆ ಬರುವವರೆಗೂ ಕಾಯಬೇಕು. ಅದರ ಸರ್ಟಿಫಿಕೇಟ್ ಇಲ್ಲದೆ ದೊಡ್ಡ ಕಂಪನಿಗಳು ಅರ್ಜಿಯನ್ನೇ ಮುಟ್ಟುವುದಿಲ್ಲ. ಹೀಗೆ ಯಾವ ತಪ್ಪೂ ಮಾಡದ ಹುಡುಗ 25, 26ಕ್ಕೆ ಬಾಗಿಲ ಹತ್ತಿರ ಬರುತ್ತಾನೆ. ಅಲ್ಲಿಂದ ಮುಂದೆ ಇರುವುದು ಎರಡೋ ಮೂರೋ ವರ್ಷ. ಅದರಲ್ಲಿ ಒಂದು ವರ್ಷವನ್ನು ಒಂದೇ ಕಂಪನಿ ತಿಂದುಹಾಕಿತು.

ಹಾಗಾಗಿ ಅವನ ತಾಯಿ ಹೇಳುವ "ಇನ್ನು ಸ್ವಲ್ಪ ಕಾಯಿ" ಅನ್ನುವ ಮಾತು ಕೇಳಲು ತಾಳ್ಮೆಯ ಹಾಗಿದ್ದರೂ ಲೆಕ್ಕದಲ್ಲಿ ದುಬಾರಿ. ಈ ಕರೆ ಬಾರದೆ 28 ದಾಟಿದರೆ ಟ್ರೈನಿ ಬಾಗಿಲು ಮುಚ್ಚುತ್ತದೆ. ಆಗ ಉಳಿಯುವುದು ಅನುಭವಸ್ಥರಿಗೆ ಕರೆಯುವ ಹುದ್ದೆಗಳು. ಅದಕ್ಕೆ ಕೈಯಲ್ಲಿ ಅನುಭವ ಇರಬೇಕು. ಆ ಅನುಭವ ಇವತ್ತು ಶುರು ಮಾಡಿದರೆ ತಾನೆ ಅವತ್ತಿಗೆ ಇರುತ್ತದೆ? ಈಗಾಗಲೇ ಕೆಲಸದಲ್ಲಿದ್ದೇನೆ ಅನ್ನುವ ಕಾರಣಕ್ಕೆ ಟ್ರೈನಿಯನ್ನು ಬೇಡ ಅನ್ನುವುದು ಸಾಮಾನ್ಯವಾಗಿ ಇಲ್ಲ. ಆದರೂ ಜಾಹೀರಾತಿನ ಷರತ್ತನ್ನು ಒಮ್ಮೆ ಪೂರ್ತಿ ಓದಿಕೊಳ್ಳಲಿ. ಕೆಲಸ ಬಿಡುವಾಗ ಎಷ್ಟು ದಿನದ ನೋಟಿಸ್ ಕೊಡಬೇಕು ಅಂತ ಸೋಲಾರ್ ಕಂಪನಿಯನ್ನು ಸಹಿ ಹಾಕುವ ಮುಂಚೆಯೇ ಕೇಳಲಿ. ಬಾಂಡ್ ಇದ್ದರೆ ಮಾತ್ರ ಎರಡು ಸಲ ಯೋಚಿಸಬೇಕು.

ಸೋಲಾರ್ ಅಂದರೆ ಕೀಳು ಅಂತ ತಾಯಿಗೆ ಅನಿಸಿರಬಹುದು. ಎಣ್ಣೆಯ ಊರಲ್ಲಿ ಹುಟ್ಟಿ ಬೆಳೆದವರಿಗೆ ಇದು ಸಹಜ. ಆದರೆ ಲಾಗೋಸ್‌ನಲ್ಲಿ ಇರುವ ನಿಮಗೇ ಜನರೇಟರ್ ಸದ್ದು ಗೊತ್ತು. 2023ರ ಮೇ 29ರಂದು ಹೊಸ ಅಧ್ಯಕ್ಷರು ಪೆಟ್ರೋಲ್ ಸಬ್ಸಿಡಿ ತೆಗೆದರು. 2024ರ ಏಪ್ರಿಲ್‌ನಲ್ಲಿ ಜಾಸ್ತಿ ಹೊತ್ತು ಕರೆಂಟ್ ಸಿಗುವ 'ಬ್ಯಾಂಡ್ ಎ' ಗ್ರಾಹಕರ ವಿದ್ಯುತ್ ದರ ಯೂನಿಟ್‌ಗೆ 68 ನೈರಾ ಇದ್ದದ್ದು 225ಕ್ಕೆ ಏರಿತು. ಆಮೇಲೆ ಸ್ವಲ್ಪ ಇಳಿಸಿದರು, ಆದರೂ ಹಳೆಯ ದರ ವಾಪಸ್ ಬರಲಿಲ್ಲ. ರಾಷ್ಟ್ರೀಯ ಗ್ರಿಡ್ ಆಗಾಗ ಪೂರ್ತಿ ಕೈಕೊಡುತ್ತದೆ. ಇಂಥ ಕಡೆ ಪ್ಯಾನೆಲ್, ಬ್ಯಾಟರಿ, ಇನ್‌ವರ್ಟರ್ ಕೂರಿಸುವವರಿಗೆ ಕೆಲಸ ಕಡಿಮೆಯಾಗುವುದಿಲ್ಲ. ಗ್ರಿಡ್ ಮುಟ್ಟದ ಹಳ್ಳಿ, ಮನೆಗಳಿಗೆ ಸೌರ ವಿದ್ಯುತ್ ಕೊಡಲು ವಿಶ್ವಬ್ಯಾಂಕ್ 2023ರ ಡಿಸೆಂಬರ್‌ನಲ್ಲಿ 75 ಕೋಟಿ ಡಾಲರ್ ಮಂಜೂರು ಮಾಡಿದೆ. ಇದೂ ಇಂಧನ ಉದ್ಯಮವೇ. ಲೋಡ್ ಲೆಕ್ಕ, ಸೈಟ್ ಸುರಕ್ಷತೆ, ಗುತ್ತಿಗೆದಾರರ ಜೊತೆ ಜಗಳ, ಗ್ರಾಹಕರ ಬೈಗುಳ ಎಲ್ಲವನ್ನೂ ಕಲಿಯುತ್ತಾನೆ. ಅನಿಲ ಘಟಕದಲ್ಲಾಗಲಿ ರಿಫೈನರಿಯಲ್ಲಾಗಲಿ ಇವು ಬೇಡ ಅನ್ನುವವರಿಲ್ಲ. ಸಂಬಳ ಕಡಿಮೆ, ನಿಜ. ಬೆಲೆ ಏರಿಕೆ ಜಾಸ್ತಿ, ಅದೂ ನಿಜ. ಹಾಗಂತ ಮಗಳ ಗಣಿತ ಪಾಠ ನಿಲ್ಲಿಸಬೇಡಿ, ವಾರದ ಕೊನೆಗೆ ಹಾಕಿಕೊಳ್ಳಿ. ಅದೂ ಅವನಿಗೆ ಆದಾಯ.

ಏಜೆಂಟ್ ವಿಷಯಕ್ಕೆ ಬರೋಣ. ಇಲ್ಲಿ ನಾನು ಮೆತ್ತಗೆ ಮಾತಾಡುವುದಿಲ್ಲ. ಒಂದು ನೈರಾ ಕೂಡ ಕೊಡಬಾರದು. "ಸ್ಲಾಟ್ ಇದೆ, ಒಳಗೆ ನಮ್ಮವರಿದ್ದಾರೆ" ಅನ್ನುವುದು ಅಲ್ಲಿ ಹಳೆಯ ವ್ಯಾಪಾರ. ಸರ್ಕಾರಿ ಕೆಲಸಗಳ ಮಾರಾಟದ ಬಗ್ಗೆ ಅಬುಜಾದ ಜನಪ್ರತಿನಿಧಿ ಸಭೆಯ ಸಮಿತಿಯೊಂದು 2023ರಲ್ಲಿ ಬಹಿರಂಗ ವಿಚಾರಣೆ ನಡೆಸಿತು, ಟೀವಿಯಲ್ಲಿ ಜನ ನೋಡಿದರು. ಎನ್‌ಎನ್‌ಪಿಸಿ ತನ್ನ ಹೆಸರಿನಲ್ಲಿ ನಡೆಯುವ ನಕಲಿ ನೇಮಕಾತಿಯ ಬಗ್ಗೆ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿದೆ. ವಿಳಂಬ ಆದಷ್ಟೂ ಈ ಏಜೆಂಟರಿಗೆ ಸುಗ್ಗಿ. ದುಡ್ಡು ಕೊಟ್ಟು ಮೋಸ ಹೋದರೆ ದೂರು ಕೊಡಲು ಮುಖ ಇರುವುದಿಲ್ಲ. ಅಕಸ್ಮಾತ್ ಕೆಲಸ ಸಿಕ್ಕರೂ, ಅವನು ತನ್ನ ಅರ್ಹತೆಯಿಂದ ಗಳಿಸಿದ್ದನ್ನೇ ದುಡ್ಡು ಕೊಟ್ಟು ಕೊಂಡ ಹಾಗೆ ಆಗುತ್ತದೆ. ಅರ್ಜಿಗೆ ದುಡ್ಡು ಕೇಳುವ ಪದ್ಧತಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದಕ್ಕೆ 2014ರ ಮಾರ್ಚ್ 15 ಸಾಕು. ವಲಸೆ ಇಲಾಖೆ ತಲಾ 1,000 ನೈರಾ ವಸೂಲಿ ಮಾಡಿ ಲಕ್ಷಾಂತರ ಜನರನ್ನು ಕ್ರೀಡಾಂಗಣಗಳಿಗೆ ಪರೀಕ್ಷೆಗೆ ಕರೆಯಿತು. ಅಬುಜಾ, ಪೋರ್ಟ್ ಹಾರ್ಕೋರ್ಟ್ ಸೇರಿ ಹಲವು ಕಡೆ ಕಾಲ್ತುಳಿತವಾಗಿ ಕನಸು ಹೊತ್ತು ಬಂದ ಹತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಆ ತಾಯಿಗೆ ಅದು ನೆನಪಿರುತ್ತದೆ, ಅವರ ಊರಲ್ಲೇ ಆದದ್ದು.

ಅವನು ನಿಮ್ಮನ್ನು ಕೇಳಿದ ಪ್ರಶ್ನೆ ಕಷ್ಟದ್ದು. ನುಣುಚಿಕೊಳ್ಳಬೇಡಿ. ಲಾಗೋಸ್ ಹತ್ತಿರ ಲೆಕ್ಕಿಯಲ್ಲಿರುವ ಡಾಂಗೋಟೆ ರಿಫೈನರಿ ದಿನಕ್ಕೆ 6,50,000 ಬ್ಯಾರಲ್‌ನದು. ಅದರ ಇಂಜಿನಿಯರಿಂಗ್ ಉಸ್ತುವಾರಿಯಲ್ಲಿ ನಮ್ಮ ಸರ್ಕಾರಿ ಸಂಸ್ಥೆ ಇಂಜಿನಿಯರ್ಸ್ ಇಂಡಿಯಾ ಲಿಮಿಟೆಡ್ ಇತ್ತು. ಕಟ್ಟಲು ಭಾರತದಿಂದ ಸಾವಿರಾರು ಜನ ಹೋದರು. ಹೋದವರ ತಪ್ಪೇನೂ ಇಲ್ಲ, ಅವರು ಅನುಭವ ಇದ್ದ ಕೈಗಳು. ಹೊಸದಾಗಿ ಡಿಗ್ರಿ ಮುಗಿಸಿದವನ ಸಾಲೇ ಬೇರೆ, ಅವನ ಜಾಗವನ್ನು ವೆಲ್ಡರ್ ಒಬ್ಬ ಕಿತ್ತುಕೊಳ್ಳಲಿಲ್ಲ. ಆದರೆ ಅವನ ಸಿಟ್ಟಿನಲ್ಲಿ ನ್ಯಾಯ ಇಲ್ಲ ಅನ್ನಲಾರೆ. ದೇಶದ ಎಣ್ಣೆಯಲ್ಲಿ ದೇಶದವರಿಗೆ ಕೆಲಸ ಸಿಗಲಿ ಅಂತಲೇ 2010ರಲ್ಲಿ ಕಾನೂನು ಮಾಡಿ, ಯೆನಗೋವಾ ನಗರದಲ್ಲಿ ಮಂಡಳಿಯೊಂದನ್ನು ಕೂರಿಸಿದರು. ಆ ಮಂಡಳಿಯ ತರಬೇತಿಗಳಿವೆ, ಪೆಟ್ರೋಲಿಯಂ ನಿಧಿಯ ವಿದ್ಯಾರ್ಥಿವೇತನಗಳಿವೆ, ಅವನು ಅವುಗಳಿಗೂ ಅರ್ಜಿ ಹಾಕುತ್ತಿರಲಿ. ನೀವು ಅವನಿಗೆ "ನಿನ್ನ ಜಾಗದಲ್ಲಿದ್ದರೆ ನಾನೂ ಇದನ್ನೇ ಕೇಳುತ್ತಿದ್ದೆ" ಅಂದರೆ ಸಾಕು. ನಮ್ಮೂರಿನಲ್ಲಿ ಹೊರಗಿನವರಿಗೆ ಕೆಲಸ ಸಿಕ್ಕಿತು ಅಂತ ನಾವೇನು ಕಡಿಮೆ ಮಾತಾಡಿದ್ದೇವೆಯೇ?

ಕರೆ ಬಂದೇ ಬಿಟ್ಟರೆ ಅಂತಲೂ ತಯಾರಿ ಬೇಕು, ಯಾಕೆಂದರೆ ಇಷ್ಟು ದಿನ ಮಲಗಿದ್ದವರು ಎದ್ದ ತಕ್ಷಣ ಮೂರು ದಿನದೊಳಗೆ ಬಾ ಅಂತಾರೆ. ಡಿಗ್ರಿ ಸರ್ಟಿಫಿಕೇಟ್, ಎನ್‌ವೈಎಸ್‌ಸಿ ಪತ್ರ, ಶಾಲೆಯ ಕೊನೆಯ ಪರೀಕ್ಷೆಯಾದ ವಾಯೆಕ್ ಫಲಿತಾಂಶ, ಜನನ ದಾಖಲೆ, ಊರಿನ ಸ್ಥಳೀಯ ಸರ್ಕಾರ ಕೊಡುವ ಗುರುತಿನ ಪತ್ರ ಇವೆಲ್ಲ ಒಂದೇ ಕಡೆ ಇರಲಿ. ಹೆಸರು, ಹುಟ್ಟಿದ ದಿನ ಎಲ್ಲದರಲ್ಲೂ ರಾಷ್ಟ್ರೀಯ ಗುರುತು ಸಂಖ್ಯೆಯಲ್ಲಿ ಇರುವ ಹಾಗೇ ಇದೆಯೇ ಅಂತ ಈಗಲೇ ನೋಡಿಕೊಳ್ಳಲಿ, ತಿದ್ದುಪಡಿಗೆ ವಾರಗಳೇ ಹಿಡಿಯುತ್ತವೆ. ಫೋನ್ ನಂಬರ್ ಬದಲಾಯಿಸುವುದು ಬೇಡ. ಮೇಲ್‌ನ ಸ್ಪ್ಯಾಮ್ ಫೋಲ್ಡರನ್ನು ವಾರಕ್ಕೊಮ್ಮೆ ನೋಡಿದರೆ ಸಾಕು, ಪೋರ್ಟಲನ್ನು ದಿನಾ ತೆರೆಯುವ ಅಭ್ಯಾಸ ಬಿಡಲಿ. ಕಂಪನಿಗೆ ಒಂದು ಮರ್ಯಾದೆಯ ಮೇಲ್ ಕಳಿಸಿ, ಆಯ್ಕೆ ಪ್ರಕ್ರಿಯೆ ಚಾಲ್ತಿಯಲ್ಲಿದೆಯೇ, ಅರ್ಜಿ ಹಾಕಿದ ದಿನದ ವಯಸ್ಸನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಾ ಅಂತ ಕೇಳಲಿ. ಉತ್ತರ ಬಾರದೆ ಇರಬಹುದು, ಕೇಳುವುದರಲ್ಲಿ ನಷ್ಟ ಇಲ್ಲ.

ನಿಮಗೂ ಒಂದು ಕೆಲಸ. ಅವನು ಮನೆಗೆ ಬಂದಾಗ "ಏನಾಯ್ತು, ಕರೆ ಬಂತಾ?" ಅಂತ ಕೇಳುತ್ತೇನೆ ಅಂತ ಬರೆದಿದ್ದೀರಿ. ಪ್ರೀತಿಯಿಂದ ಕೇಳುತ್ತೀರಿ, ಗೊತ್ತು. ಇನ್ನು ಮೇಲೆ ಕೇಳಬೇಡಿ. ಬಂದರೆ ಅವನೇ ಹೇಳುತ್ತಾನೆ, ಸ್ವೀಟ್ ತಂದುಕೊಂಡೇ ಬರುತ್ತಾನೆ. ಅವನ ತಾಯಿಯ ಜೊತೆ ಮಾತ್ರ ನೀವೇ ಒಮ್ಮೆ ಫೋನಿನಲ್ಲಿ ಮಾತಾಡಿ. ವಯಸ್ಸಿನ ಲೆಕ್ಕವನ್ನು ಅವರ ಮುಂದೆ ಇಡಿ. ಮಗ ಹೇಳಿದರೆ ವಾದ ಅನಿಸುತ್ತದೆ, ಇನ್ನೊಬ್ಬ ತಾಯಿ ಹೇಳಿದರೆ ಕೇಳಿಸಿಕೊಳ್ಳುತ್ತಾರೆ.

ಸಂಚಿಕೆ ನಿಮ್ಮ ಕೈಸೇರುವಷ್ಟರಲ್ಲಿ ಕೆಲಸಕ್ಕೆ ಸೇರುವ ದಿನ ದಾಟಿರುತ್ತದೆ. ಅದಕ್ಕೇ ಈ ಉತ್ತರವನ್ನು ಮುದ್ರಣಕ್ಕೆ ಹಾಕುವ ಮುಂಚೆಯೇ ನಿಮಗೆ ಮೇಲ್ ಮಾಡಿದ್ದೇನೆ. ಬಾಂಡ್ ಇದೆಯೋ ಇಲ್ಲವೋ ವಿಚಾರಿಸಿ, ಇದ್ದರೆ ಅದರ ಷರತ್ತು ಬರೆದು ಕಳಿಸಿ.

ಸಂಪಾದಕ