ಯಾರೂ ನೋಡದಿದ್ದಾಗ ಎಲೆಕ್ಟ್ರಾನ್ ಏನು ಮಾಡುತ್ತಿರುತ್ತದೆ?

ನಿಮ್ಮ ಪ್ರಶ್ನೆ ಇದು: "ನೋಡಿದಾಗ ಮಾತ್ರ ಕಣ ಒಂದು ಜಾಗದಲ್ಲಿರುತ್ತದೆ, ಇಲ್ಲದಿದ್ದರೆ ಅಲೆಯ ಥರ ಹರಡಿರುತ್ತದೆ ಅಂತಾರೆ. ಹಾಗಾದರೆ ಮನುಷ್ಯರೇ ಹುಟ್ಟುವ ಮೊದಲು ಜಗತ್ತು ಹೇಗಿತ್ತು?"

ಮೊದಲೇ ಹೇಳಿಬಿಡುತ್ತೇನೆ, ನಾನು ಭೌತಶಾಸ್ತ್ರ ಓದಿದವನಲ್ಲ. ಫಿಲ್ಮ್ ರೋಲ್ ಕಾಲದಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದವನು. ಆದರೆ ಈ ಪ್ರಶ್ನೆ ನನ್ನನ್ನೂ ಕಾಡಿದೆ. ಅರ್ಧ ಉತ್ತರ ನನ್ನ ಡಾರ್ಕ್ ರೂಮಿನಲ್ಲೇ ಇತ್ತು ಅಂತ ಆಮೇಲೆ ಹೊಳೆಯಿತು.

ಗೊಂದಲ ಎಲ್ಲಿಂದ ಶುರುವಾಯಿತು ನೋಡೋಣ. 1989ರಲ್ಲಿ ಜಪಾನಿನ ಹಿಟಾಚಿ ಲ್ಯಾಬಿನಲ್ಲಿ ಅಕಿರಾ ಟೊನೊಮುರಾ ಮತ್ತು ಜೊತೆಗಾರರು ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ಬಿಟ್ಟರು. ಮುಂದೆ ಎರಡು ದಾರಿ, ಅದರಾಚೆ ಪರದೆ. ಒಂದು ಎಲೆಕ್ಟ್ರಾನ್, ಒಂದೇ ಚುಕ್ಕೆ. ಮೊದಮೊದಲು ಆ ಚುಕ್ಕೆಗಳು ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ ಕಾಣುತ್ತವೆ. ಸಾವಿರಾರು ಬಿದ್ದ ಮೇಲೆ ಸಾಲುಸಾಲು ಪಟ್ಟೆ! ಎರಡು ಅಲೆ ಬೆರೆತರೆ ಬರುವಂಥ ಪಟ್ಟೆ. ಒಂದು ಸಲಕ್ಕೆ ಬಂದದ್ದು ಒಂದೇ ಎಲೆಕ್ಟ್ರಾನ್, ಅದು ಬೆರೆತದ್ದು ಯಾರ ಜೊತೆ? ಇಂಥ ಪ್ರಯೋಗದಲ್ಲಿ ಯಾವ ದಾರಿಯಲ್ಲಿ ಹೋಯಿತು ಅಂತ ಪತ್ತೆ ಮಾಡುವ ವ್ಯವಸ್ಥೆ ಇಟ್ಟರೆ ಪಟ್ಟೆಯೇ ಮಾಯ. ಇದನ್ನೇ "ನೋಡಿದರೆ ಬದಲಾಗುತ್ತದೆ" ಅಂತ ಹೇಳುವುದು. ಅಲ್ಲಿಂದ ವಾಟ್ಸಾಪಿಗೆ ಬರುವಷ್ಟರಲ್ಲಿ ಅದು "ನೀವು ಅಂದುಕೊಂಡದ್ದೇ ನಡೆಯುತ್ತದೆ, ಕ್ವಾಂಟಮ್ ವಿಜ್ಞಾನವೇ ಹೇಳಿದೆ" ಅಂತ ಆಗಿರುತ್ತದೆ.

ನಮ್ಮ ಭಾವ ಇದನ್ನು ಬಹಳ ನಂಬುತ್ತಾರೆ. ದೃಷ್ಟಿಯಿಂದಲೇ ಸೃಷ್ಟಿ ಅಂತ ನಮ್ಮವರು ಆಗಲೇ ಹೇಳಿಲ್ವಾ ಅನ್ನುತ್ತಾರೆ. ಕ್ವಾಂಟಮ್ ಅಲೆಗೆ ಸಮೀಕರಣ ಬರೆದ ಶ್ರೋಡಿಂಗರ್‌ಗೆ ಉಪನಿಷತ್ತು ಇಷ್ಟವಾಗಿತ್ತು ನಿಜ, ಆದರೆ ಅವರ ಸಮೀಕರಣದಲ್ಲಿ ಮನಸ್ಸಿಗೆ ಒಂದು ಅಕ್ಷರವೂ ಇಲ್ಲ.

ನನ್ನ ಅನುಮಾನ ಹೋಗಿಸಿದ್ದು ವಿಯೆನ್ನಾದಲ್ಲಿ ನಡೆದ ಒಂದು ಪ್ರಯೋಗ, ಅದರ ವರದಿ ಬಂದದ್ದು 2004ರಲ್ಲಿ. ಎಪ್ಪತ್ತು ಕಾರ್ಬನ್ ಪರಮಾಣು ಸೇರಿದ ಅಣು. ಎಲೆಕ್ಟ್ರಾನ್‌ಗೆ ಹೋಲಿಸಿದರೆ ಆನೆ. ಅದೂ ಅಲೆಯ ಪಟ್ಟೆ ತೋರಿಸುತ್ತದೆ. ಈ ಅಣುಗಳನ್ನು ದಾರಿಗೆ ಬಿಡುವ ಮೊದಲು ಲೇಸರ್‌ನಿಂದ ಕಾಯಿಸಿದರು. ಬಿಸಿ 1000 ಕೆಲ್ವಿನ್ ಒಳಗಿದ್ದಾಗ ಪಟ್ಟೆಗೆ ಏನೂ ಆಗಲಿಲ್ಲ. ಹೆಚ್ಚಾದಂತೆ ಮಸುಕಾಯಿತು, 3000 ದಾಟುವಾಗ ಪೂರ್ತಿ ಹೋಯಿತು. ಯಾಕೆ ಅಂದರೆ, ಕಾದ ಕಬ್ಬಿಣದ ಹಾಗೆ ಅಣು ತಾನೇ ಬೆಳಕು ಉಗುಳುತ್ತಾ ಹೋಗುತ್ತದೆ. ಆ ಬೆಳಕಿನಲ್ಲಿ "ನಾನು ಇಲ್ಲಿದ್ದೆ" ಅನ್ನುವ ಸುಳಿವು ಇರುತ್ತದೆ. ಆ ಬೆಳಕನ್ನು ಯಾರೂ ಹಿಡಿಯಲಿಲ್ಲ, ಯಾರೂ ನೋಡಲಿಲ್ಲ. ಅದು ಸುಮ್ನೆ ಪಾತ್ರೆಯ ಗೋಡೆಗೆ ಬಡಿದು ಹೋಯಿತು. ಆದರೂ ಪಟ್ಟೆ ಅಳಿಯಿತು.

ಇದನ್ನು ಓದಿದಾಗ ನನ್ನ ಕಪಾಟಿನಲ್ಲಿದ್ದ ರೋಲ್ ನೆನಪಾಯಿತು. ಗಿರಾಕಿಯೊಬ್ಬರು ತೊಳೆಯಲು ಕೊಟ್ಟು ಹೋದವರು ವಾಪಸ್ ಬರಲೇ ಇಲ್ಲ, ನಾನೂ ತೊಳೆಯಲಿಲ್ಲ. ಒಳಗೆ ಮದುವೆಯೋ ಮುಂಜಿಯೋ, ಯಾರಿಗೆ ಗೊತ್ತು. ಶಟರ್ ತೆರೆದ ಆ ಗಳಿಗೆಯಲ್ಲೇ ಬೆಳಕು ಫಿಲ್ಮಿನ ಮೇಲಿನ ಬೆಳ್ಳಿಯ ಉಪ್ಪಿನ ಕಣಗಳಿಗೆ ತಾಗಿ, ಒಂದೊಂದರಲ್ಲಿ ನಾಲ್ಕಾರು ಬೆಳ್ಳಿ ಪರಮಾಣು ಗುಂಪಾಗಿರುತ್ತವೆ. ಗುರುತು ಬಿದ್ದಾಯಿತು. ತೊಳೆಯುವಾಗ ಹಾಕುವ ಡೆವಲಪರ್ ದ್ರಾವಣ ಅದನ್ನು ಕೋಟಿಗಟ್ಟಲೆ ದೊಡ್ಡದು ಮಾಡುತ್ತದೆ, ಅಷ್ಟೇ. ಕ್ವಾಂಟಮ್‌ನವರು "ವೀಕ್ಷಕ" ಅಂದಾಗ ನಾನೀಗ ಕಣ್ಣು ಅಂದುಕೊಳ್ಳುವುದಿಲ್ಲ, ಫಿಲ್ಮ್ ಅಂದುಕೊಳ್ಳುತ್ತೇನೆ. ಗಾಳಿಯ ಅಣುವಾದರೂ ಆದೀತು, ಧೂಳಾದರೂ ಆದೀತು. ಹಾಗಾಗಿ ಮನುಷ್ಯರಿಲ್ಲದ ಕಾಲದಲ್ಲೂ ಜಗತ್ತಿನ ತುಂಬ ವೀಕ್ಷಕರಿದ್ದರು.

ದೊಡ್ಡವರೂ ಇಲ್ಲಿ ಎಡವಿದ್ದಾರೆ, ಬೇಜಾರು ಮಾಡಿಕೊಳ್ಳಬೇಡಿ. ಯೂಜೀನ್ ವಿಗ್ನರ್ ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದವರು. 1961ರಲ್ಲಿ ಪ್ರಜ್ಞೆಗೆ ಇಲ್ಲಿ ಪಾತ್ರವಿದೆ ಅಂತ ವಾದಿಸಿದರು, ಮುಂದೆ ಆ ಮಾತು ಬಿಟ್ಟರು. ಭೌತಶಾಸ್ತ್ರಜ್ಞ ಜಾನ್ ಬೆಲ್ ಅಂತೂ 1990ರಲ್ಲಿ ಕಿಚಾಯಿಸಿದರು: ಜಗತ್ತು ಒಂದು ನಿರ್ಧಾರಕ್ಕೆ ಬರಲು ಮೊದಲ ಏಕಕೋಶ ಜೀವಿ ಹುಟ್ಟುವ ತನಕ ಕಾದಿತ್ತಾ, ಅಥವಾ ಪಿಎಚ್‌ಡಿ ಆದವರು ಬರುವ ತನಕವಾ? ಭಾವನಿಗೆ ಇದನ್ನು ಹೇಳಿದೆ. ನಕ್ಕರು, ಒಪ್ಪಲಿಲ್ಲ.

ಒಪ್ಪದಿರುವುದಕ್ಕೂ ಸ್ವಲ್ಪ ಜಾಗ ಇದೆ ಅನ್ನಿ. ನನ್ನ ಫಿಲ್ಮ್ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಪಟ್ಟೆ ಯಾಕೆ ಅಳಿಯಿತು ಅನ್ನುವುದಕ್ಕೆ ಗುರುತು ಬಿದ್ದದ್ದೇ ಉತ್ತರ. ಆದರೆ ಪರದೆಯ ತುಂಬ ಹರಡಿಕೊಂಡು ಬಂದ ಅಲೆ ಇದೇ ಚುಕ್ಕೆಯಲ್ಲಿ ಯಾಕೆ ಕೂತಿತು, ಪಕ್ಕದ್ದರಲ್ಲಿ ಯಾಕೆ ಕೂರಲಿಲ್ಲ? ಸಿದ್ಧಾಂತ ಎಲ್ಲಿ ಎಷ್ಟು ಸಂಭವ ಅಂತ ಲೆಕ್ಕ ಕೊಡುತ್ತದೆ, ಯಾವುದು ಅಂತ ಹೇಳುವುದಿಲ್ಲ. ಎಲ್ಲವೂ ನಡೆಯುತ್ತವೆ, ಬೇರೆ ಬೇರೆ ಕವಲಿನಲ್ಲಿ ಅಂತ ಭೌತಶಾಸ್ತ್ರಜ್ಞ ಹ್ಯೂ ಎವರೆಟ್ 1957ರಲ್ಲೇ ಹೇಳಿದರು. ಅದು ಸರಿಯಾ ಅಂತ ಭೌತಶಾಸ್ತ್ರದವರೇ ಇನ್ನೂ ಜಗಳಾಡುತ್ತಿದ್ದಾರೆ. ಸರಿಯಿದ್ದರೆ, ಯಾವುದೋ ಒಂದು ಕವಲಿನಲ್ಲಿ ಆ ಗಿರಾಕಿ ವಾಪಸ್ ಬಂದು ರೋಲ್ ತೊಳೆಸಿ, ದುಡ್ಡೂ ಕೊಟ್ಟು ಹೋಗಿರಬೇಕು.